ಕಲ್ಲುಬೆಣ್ಣೆಯ ಉಪವಾಸ

ಈ ಕಥೆಯನ್ನು ನನಗೆ ಹೇಳಿದವನು ಫಕ್ಕೀರೇಶ. ಹೇಳುತ್ತ ಹೇಳುತ್ತ ಮೂರು ಸಲ ಎದ್ದು ಹೋಗಿ ನೀರು ಕುಡಿದು ಬಂದ.

ಅವನನ್ನು ಬೈಯುವ ಯೋಗ್ಯತೆ ನನಗಿಲ್ಲ. ಅವನಿಗಿಂತ ಮುಂಚೆ ನಾನೂ ಅದೇ ಗುರುಗಳ ಹತ್ತಿರ ಇದ್ದವನು. ಆರು ತಿಂಗಳಿಗೇ ಬೇಸತ್ತು ಗಂಟುಮೂಟೆ ಕಟ್ಟಿದೆ. ಅವನಾದರೂ ಮೂರು ವರ್ಷ ತಾಳಿದ.

ಗುರು ಎಂದ ಕೂಡಲೇ ಗಡ್ಡದವರನ್ನು ನೆನೆಸಿಕೊಳ್ಳಬೇಡಿ. ಅವರು ನೀಲಗಂಗಾ ಅಕ್ಕೋರು. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಗಳಿಗೆ ಅಕ್ಕೋರು ಅನ್ನುತ್ತೇವೆ.

ಹೊಳೆಯಾಚೆ ಒಂದು ಗುಡ್ಡ. ಗುಡ್ಡದ ಹೊಟ್ಟೆಯಲ್ಲಿ ಗವಿ. ಗವಿಯ ಬಾಯಿಗೆ ಒಂದು ಕಲ್ಲಿನ ಮನೆ. ಮನೆಯಲ್ಲಿ ಅಕ್ಕೋರು, ಒಂದು ಸೂಕ್ಷ್ಮದರ್ಶಕ, ಒಬ್ಬ ಶಿಷ್ಯ. ಆಶ್ರಮ ಅನ್ನಿ, ಪ್ರಯೋಗಶಾಲೆ ಅನ್ನಿ, ಅಷ್ಟೇ ಅಲ್ಲಿದ್ದದ್ದು.

ಬಂದ ಮೊದಲ ದಿನವೇ ಫಕ್ಕೀರೇಶ ಮುಖ ಗಂಟುಹಾಕಿಕೊಂಡ.

“ಅಕ್ಕೋರ, ನಾ ಬ್ಯಾರೆ ಗ್ರಹದಾಗ ಜೀವ ಹುಡುಕೂದು ಕಲಿಯಾಕ ಬಂದೀನ್ರಿ. ನೀವು ನೋಡಿದ್ರ ಗವಿ ತೋರಸಾಕತ್ತೀರಿ.”

“ಮಂಗಳದ ಮ್ಯಾಲೆ ಏನೈತಿ, ಹೇಳು.”

“ಥಂಡಿ. ಧೂಳು. ಸುಡೂವಂಥ ಕಿರಣ.”

“ಅಲ್ಲೆ ನಿನ್ನ ಬಿಟ್ರ ಎಲ್ಲಿ ಇರ್ತಿದ್ದಿ?”

ಅವನು ತಲೆ ಕೆರೆದುಕೊಂಡ. “ನೆಲದಾಗ ಹೊಕ್ಕೊಂಡು ಕುಂದರ್ತಿದ್ದೆ.”

“ಏನು ಉಣ್ತಿದ್ದಿ?”

“ಉಣ್ಣಾಕ ಅಲ್ಲೇನೈತ್ರಿ? ಕಲ್ಲು.”

“ಹಂಗಾರ ಬಾ,” ಎಂದರು ಅಕ್ಕೋರು. “ನಿನ್ನ ಬೀಗರ ಮನಿ ತೋರಸ್ತೀನಿ.”

ಮನೆಯ ಹಿಂದಿನ ಕತ್ತಲೆಕೋಣೆಗೆ ಕರೆದುಕೊಂಡು ಹೋದರು. ಗೋಡೆಯ ಗೂಡಿನಲ್ಲಿ ಅಂಗೈಯಷ್ಟು ಅಗಲದ ಒಂದು ಗಾಜಿನ ತಟ್ಟೆ, ಅದಕ್ಕೊಂದು ಮುಚ್ಚಳ. ಒಳಗೆ ಬಿಳಿಯದೊಂದು ಚೂರು.

ಅದು ಗವಿಯ ಒಳಕೋಣೆಯಲ್ಲಿ ಸಿಕ್ಕ ಖನಿಜ. ನೋಡಲು ಸುಣ್ಣದ ಕಲ್ಲು, ಮುಟ್ಟಿದರೆ ಬೆಣ್ಣೆಯ ಹಾಗೆ ಮೆತ್ತಗೆ. ಅಕ್ಕೋರು ಅದಕ್ಕೆ ಕಲ್ಲುಬೆಣ್ಣೆ ಅನ್ನುತ್ತಿದ್ದರು.

ಅದರೊಳಗೆ ಕಣ್ಣಿಗೆ ಕಾಣದ ಎಳೆಗಳಿದ್ದವು. ಜೀವಂತ ಎಳೆಗಳು. ಅವಕ್ಕೆ ಬಿಸಿಲು ಬೇಡ, ಎಲೆ ಬೇಡ, ಹೂವು ಬೇಡ. ಕಲ್ಲಿನಿಂದ ಸೋರುವ ನೀರಿನಲ್ಲಿ ಏನು ಕರಗಿರುತ್ತದೋ ಅದೇ ಊಟ. ತಮ್ಮ ಸುತ್ತ ತಾವೇ ಹರಳು ಕಟ್ಟಿಕೊಂಡು ಅದರಲ್ಲಿ ಇರುತ್ತಿದ್ದವು.

“ಆರು ತಟ್ಟಿ ಇದ್ವು,” ಎಂದರು ಅಕ್ಕೋರು. “ಉಳದಿದ್ದು ಇದೊಂದ. ಎಂಟು ವರ್ಷ ಆತು.”

“ಉಳಿದ ಐದು ಏನಾದ್ವು?”

“ಹೋಗೂವು ಹೋದ್ವು.”

“ಮತ್ತ ಒಳಗ ಹೋಗಿ ತರಬಹುದಲ್ರಿ?”

“ಆ ಕೋಣೀದು ಮ್ಯಾಲಿನ ಕಲ್ಲಿನ ಮಾಳಿಗಿ ಬಿದ್ದೈತಿ. ದಾರಿ ಇಲ್ಲ.” ಅಷ್ಟು ಹೇಳಿ ಮುಚ್ಚಳ ಸರಿ ಮಾಡಿದರು.

ಎಂಟು ವರ್ಷದಲ್ಲಿ ಆ ಎಳೆಗಳು ಬೆಳೆದದ್ದು ಒಂದು ಕೂದಲಿನ ದಪ್ಪದಷ್ಟು. ನಗಬೇಡಿ. ಆ ಕೂದಲಿನಷ್ಟರ ಮೇಲೆ ಅಕ್ಕೋರ ಜೀವಮಾನ ನಿಂತಿತ್ತು. ಎಳೆ ಬೆಳೆದಲ್ಲೆಲ್ಲ ಹರಳೂ ಒಂದು ವಿಚಿತ್ರ ಆಕಾರದಲ್ಲಿ ಬೆಳೆದಿತ್ತು. ಬರೀ ಕಲ್ಲು ತಾನಾಗಿ ಅಂಥ ಆಕಾರ ತಳೆಯುವುದಿಲ್ಲ ಎಂದು ತೋರಿಸಲು ಅವರ ಹತ್ತಿರ ಇದ್ದ ಸಾಕ್ಷಿ ಅದೊಂದೇ.

ಶಿಷ್ಯನ ಕೆಲಸ ಇಷ್ಟು. ವಾರಕ್ಕೊಮ್ಮೆ ಗವಿಯ ನೀರನ್ನು ಸೋಸಿ, ತಟ್ಟೆಗೆ ಒಂದು ಹನಿ ಹಾಕಬೇಕು. ಬಾಯಿಗೆ ಬಟ್ಟೆ, ಕೈಗೆ ಗವುಸು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿ ವಹಿಯಲ್ಲಿ ಬರೆಯಬೇಕು.

ವಹಿ ತಿರುವಿದರೆ ಪ್ರತಿ ಪುಟದಲ್ಲೂ ಒಂದೇ ಮಾತು. ‘ಏನೂ ಆಗಲಿಲ್ಲ.’ ‘ಏನೂ ಆಗಲಿಲ್ಲ.’ ‘ಏನೂ ಆಗಲಿಲ್ಲ.’ ಆ ವಹಿ ನೋಡಿಯೇ ನಾನು ಓಡಿಬಂದದ್ದು.

ಫಕ್ಕೀರೇಶ ಒಂದು ದಿನ ಕೇಳಿಯೇಬಿಟ್ಟ. “ಅಕ್ಕೋರ, ಒಂದ ಹನಿ ಯಾಕ? ಎರಡು ಹಾಕಿದ್ರ ಏನಾಗತೈತಿ?”

“ಹಸಿವು ನಿನಗ ಸಂಕಟ. ಅವಕ್ಕ ಮನಿ.”

ಅವನು ಅದನ್ನು ತನ್ನ ವಹಿಯಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದ. ಅರ್ಥವಾಯಿತೇ ಎಂದರೆ ಇಲ್ಲ. ಮತ್ತೆ ಕೇಳಿದನೇ ಎಂದರೆ ಅದೂ ಇಲ್ಲ. ಗುರುಗಳ ಮಾತು ಚಂದಾಗಿದ್ದುಬಿಟ್ಟರೆ ಶಿಷ್ಯನಿಗೆ ಕೇಳಲು ನಾಚಿಕೆ.

ಮೂರನೆಯ ವರ್ಷ ದೂರದ ಊರಿಂದ ಒಂದು ಕಾಗದ ಬಂತು. ಮಂಗಳಕ್ಕೆ ಕಳಿಸುವ ಯಂತ್ರವೊಂದನ್ನು ಕಟ್ಟುತ್ತಿದ್ದವರ ಕಾಗದ. ಅಲ್ಲಿಯ ನೆಲದಡಿಯ ಕಲ್ಲನ್ನು ಕೊರೆದು, ಒಂದಿಷ್ಟು ನೀರುಣಿಸಿ, ಏನಾದರೂ ಬೆಳೆಯುತ್ತದೆಯೇ ಎಂದು ಅವರ ಯಂತ್ರ ನೋಡುತ್ತದಂತೆ. ಮೂರು ದಿನ ಕಾದರೆ ಸಾಕೇ ಎಂದು ಕೇಳಿದ್ದರು.

ಅಕ್ಕೋರು ಉತ್ತರ ಬರೆದರು. ಬೆಳವಣಿಗೆ ಕಾಯಬೇಡಿ, ಹರಳಿನ ಆಕಾರ ನೋಡಿ. ಜೀವ ಇದ್ದರೆ ಅಲ್ಲಿ ಗುರುತು ಬಿಟ್ಟಿರುತ್ತದೆ.

ಯಂತ್ರದವರು ಮತ್ತೆ ಬರೆದರು: ಸಾಕ್ಷಿ ಇದೆಯೇ? ಎರಡು ತಿಂಗಳಲ್ಲಿ ಬಂದು ನೋಡುತ್ತೇವೆ.

“ನೋಡ್ರಿ ಅಕ್ಕೋರ!” ಫಕ್ಕೀರೇಶ ಕುಣಿದಾಡಿದ. “ನಮ್ಮ ತಟ್ಟಿ ನೋಡಿ ಅವರು ಯಂತ್ರಾನ ಬದಲಿ ಮಾಡ್ತಾರ!”

“ಬರ್ಲಿ. ನೋಡ್ಲಿ,” ಎಂದರು ಅಕ್ಕೋರು. ಆದರೆ ಆ ದಿನ ಅವರು ಪಾಯಸ ಮಾಡಿದರಂತೆ. ಅವನಿದ್ದ ಮೂರು ವರ್ಷದಲ್ಲಿ ಅದೊಂದೇ ಸಲ.

ಆಮೇಲೆ ಅಕ್ಕೋರಿಗೆ ಕಣ್ಣಿನ ಪೊರೆ ತೆಗೆಸುವುದಿತ್ತು. ಹತ್ತು ದಿನ ತಂಗಿಯ ಊರಿಗೆ ಹೋದರು. ಹೋಗುವಾಗ ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿದರು.

“ಒಂದ ಹನಿ.”

“ಗೊತ್ತೈತ್ರಿ, ಅಕ್ಕೋರ. ನೀವು ಆರಾಮ ಹೋಗಿ ಬರ್ರಿ.”

ಐದನೆಯ ದಿನ ಮಧ್ಯಾಹ್ನ ಅವನು ರೊಟ್ಟಿ, ಎಣ್ಣೆಗಾಯಿ ಪಲ್ಯ ಹಾಕಿಕೊಂಡು ಉಣ್ಣಲು ಕುಳಿತ. ಎರಡು ರೊಟ್ಟಿ ತಿಂದ. ಮೂರನೆಯದಕ್ಕೆ ಕೈ ಹೋಗಲಿಲ್ಲ.

ಅವನ ತಾಯಿಯನ್ನು ನಾನು ಬಲ್ಲೆ. ಬಾಗಿಲಿಗೆ ಬಂದವರನ್ನು ಉಣ್ಣಿಸದೆ ಕಳಿಸಿದವರಲ್ಲ. ಬಳೆಗಾರ ಬಂದರೂ ಊಟ, ಅಂಚೆಯವ ಬಂದರೂ ಊಟ. ‘ಹಸದವರನ್ನ ಇಟ್ಟುಕೊಂಡು ಉಣಬಾರದು’ ಎಂದು ಮಗನಿಗೆ ಚಿಕ್ಕಂದಿನಿಂದ ಹೇಳಿ ಹೇಳಿ ಬೆಳೆಸಿದವರು.

ಮಗನಿಗೆ ಆ ಹೊತ್ತಿಗೆ ಕತ್ತಲೆಕೋಣೆಯ ತಟ್ಟೆ ನೆನಪಾಯಿತು. ಹನ್ನೊಂದು ವರ್ಷ, ವಾರಕ್ಕೆ ಒಂದು ಹನಿ ನೀರು. ಪಾಪ, ಅದೂ ಒಂದು ಜೀವ.

ಇನ್ನೊಂದು ಯೋಚನೆಯೂ ಬಂತು. ಇವು ಒಂದಿಷ್ಟು ಚುರುಕಾಗಿ ಬೆಳೆದು ತೋರಿಸಿದರೆ, ಬಂದು ನೋಡುವವರು ಇಲ್ಲ ಅನ್ನಲು ಸಾಧ್ಯವೇ?

“ದೇವರಾಣಿ, ಹೆಸರಿನ ಆಸೆ ಅರ್ಧ, ಕನಿಕರ ಅರ್ಧ,” ಎಂದು ಅವನೇ ನನಗೆ ಹೇಳಿದ.

ಬೇರೆ ಸೂಕ್ಷ್ಮಜೀವಿಗಳನ್ನು ಬೆಳೆಸಲು ಪ್ರಯೋಗಶಾಲೆಗಳಲ್ಲಿ ಸಕ್ಕರೆ, ಸತ್ವ ಬೆರೆಸಿದ ಒಂದು ಗಂಜಿ ಇರುತ್ತದೆ. ಬೀರುವಿನಲ್ಲಿ ಅದರ ಒಂದು ಸೀಸೆ ಇತ್ತು. ಊಟದ ಕೈ ತೊಳೆದುಕೊಂಡ. ಗವುಸು ಹಾಕಿಕೊಳ್ಳಲು ಅವಸರದಲ್ಲಿ ಮರೆತ. ಮುಚ್ಚಳ ತೆಗೆದು ನಾಲ್ಕು ಹನಿ ಗಂಜಿ ಹಾಕಿದ.

“ಉಣ್ರೆಪ್ಪಾ, ಹೊಟ್ಟಿ ತುಂಬ ಉಣ್ರಿ,” ಎಂದನಂತೆ. ಜೋರಾಗಿಯೇ ಅಂದನಂತೆ.

ಮರುದಿನ ತಟ್ಟೆ ಮಸುಕಾಯಿತು. ಮೂರನೆಯ ದಿನ ತುಂಬಿ ತುಳುಕಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಂತೆಯ ಜನದ ಹಾಗೆ ಕಿಕ್ಕಿರಿದು ಓಡಾಡುತ್ತಿವೆ.

ಅವನು ಮನೆಯೊಳಗೆ ಒಬ್ಬನೇ ಕೂಗಿದ. ಹನ್ನೊಂದು ವರ್ಷದ ವಹಿಯಲ್ಲಿ ಮೊದಲ ಸಲ ‘ಬೆಳೆದವು’ ಎಂದು ಬರೆದ. ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ. ಯಂತ್ರ ಕಟ್ಟುವವರಿಗೂ ಅದೇ ಮಾತನ್ನು, ಅಂಚೆಗೆ ಕಾಯದೆ, ಮೊಬೈಲಿನಲ್ಲೇ ಬರೆದು ಕಳಿಸಿದ: ಗವಿಯ ಜೀವ, ಉಣಿಸಿದರೆ ಮೂರೇ ದಿನದಲ್ಲಿ ಕಾಣುತ್ತದೆ.

ಅವರಿಗೆ ಬೇಕಾದದ್ದು ಆ ಮಾತೇ. ಬಹಳ ಸಂತೋಷ, ಹಾಗಾದರೆ ಮೂರು ದಿನವೆಂದೇ ನಿಶ್ಚಯಿಸುತ್ತೇವೆ ಎಂದು ಮರುದಿನವೇ ಉತ್ತರ ಬಂತು. ತಟ್ಟೆ ನೋಡಲು ಬರುವ ಮಾತೇ ಅದರಲ್ಲಿರಲಿಲ್ಲ.

ಅಕ್ಕೋರು ಕಪ್ಪು ಕನ್ನಡಕ ಹಾಕಿಕೊಂಡು ಬಂದಿಳಿದರು. ಫಕ್ಕೀರೇಶ ಹೊಳೆಯ ತನಕ ಎದುರುಗೊಳ್ಳಲು ಹೋಗಿದ್ದ.

“ಅಕ್ಕೋರ, ಬೆಳದ್ವು! ತಟ್ಟಿ ತುಂಬ ಬೆಳದಾವ!”

ಅಕ್ಕೋರು ನಿಂತರು. “ಏನು ಹಾಕಿದಿ?”

ಹೇಳಿದ. ಅವರು ಮನೆಗೆ ಬಂದು, ಕೈ ತೊಳೆದು, ಕನ್ನಡಕ ತೆಗೆದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು.

“ಇವು ಗವಿಯವಲ್ಲ, ತಮ್ಮಾ.”

“ಮತ್ತ?”

“ನಿನ್ನ ಅಂಗೈಯವು. ನನ್ನ ಕೈಯಾಗೂ ಅದಾವ, ಎಲ್ಲಾರ ಕೈಯಾಗೂ ಅದಾವ. ಗಂಜಿ ಕಂಡು ಇಳದಾವ.”

“ಎಳಿ?”

“ಎಳಿ ಇಲ್ಲ. ಇವು ಉಂಡು ಹುಳಿ ಬಿಟ್ಟಾವ. ಹುಳಿಗೆ ಹರಳೂ ಕರಗೇತಿ.”

ಫಕ್ಕೀರೇಶ ತಾನೂ ನೋಡಿದ. ಒಂದೂ ಎಳೆಯಿಲ್ಲ. ಬೇರೆ ಲೋಕದ ಜೀವ ಹುಡುಕಲು ಬಂದವನಿಗೆ ತಟ್ಟೆ ತುಂಬ ತನ್ನದೇ ಬೆವರಿನ ಸಂಸಾರ ಕಂಡಿತು.

ಅವನು ಅವರ ಕಾಲಿಗೆ ಬಿದ್ದ. “ಬೈರಿ ಅಕ್ಕೋರ. ಎರಡು ಏಟು ಹಾಕ್ರಿ. ಸುಮ್ನ ನಿಂದರಬ್ಯಾಡ್ರಿ.”

“ಏಳು. ಬ್ಯಾಟರಿ ತಗೋ.”

“ಎಲ್ಲಿಗೆ?”

“ಒಳಕೋಣಿಗೆ.”

“ಅದರ ಮಾಳಿಗಿ ಬಿದ್ದೈತಿ ಅಂದಿದ್ರಿ...”

ಅಕ್ಕೋರು ಆಗಲೇ ಸೆರಗು ಸಿಕ್ಕಿಸಿಕೊಂಡು ಗವಿಯ ಬಾಯಿಗೆ ಹೋಗಿದ್ದರು. ಬಗ್ಗಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿ ಕಳಿಸಿದ್ದರು. ಯಾರು ಕೇಳಬೇಕು?

ಬಗ್ಗಿ ನಡೆದರು. ಆಮೇಲೆ ತೆವಳಿದರು. ಬಂಡೆಯ ಸಂದಿನಲ್ಲಿ ಅಡ್ಡಡ್ಡ ಜಾರಿ ಇಳಿದರು. ಎಲ್ಲಿಯೂ ದಾರಿ ಮುಚ್ಚಿರಲಿಲ್ಲ.

ಒಳಕೋಣೆ ಸಿಕ್ಕಿತು. ಫಕ್ಕೀರೇಶ ಬೆಳಕನ್ನು ಮೇಲಕ್ಕೆ ಹಿಡಿದ. ಮಾಳಿಗೆ ಎಲ್ಲಿದ್ದಿತೋ ಅಲ್ಲೇ ಇತ್ತು. ಒಂದು ಹೆಂಟೆಯೂ ಬಿದ್ದಿರಲಿಲ್ಲ.

“ಗ್ವಾಡಿ ನೋಡು,” ಎಂದರು ಅಕ್ಕೋರು.

ಎದೆಯೆತ್ತರಕ್ಕೆ ಒಂದು ಕಲ್ಲಿನ ಅಟ್ಟ. ಅದರ ಮೇಲೆಲ್ಲ ಉದ್ದುದ್ದ ಗೆರೆಗಳು. ಚಮಚದಿಂದ ಬೋಗುಣಿಯ ತಳ ಕೆರೆದರೆ ಹೇಗೆ ಕಾಣುತ್ತದೋ ಹಾಗೆ. ಬಿಳಿಯದು ಒಂದು ಚುಕ್ಕಿಯೂ ಇರಲಿಲ್ಲ.

“ಯಾರು ಕೆರದ್ರು, ಅಕ್ಕೋರ?”

“ನಾನ.”

ಅವನು ಅವರ ಮುಖದ ಕಡೆ ಬೆಳಕು ಹಿಡಿಯಲಿಲ್ಲ. ಅಷ್ಟು ಬುದ್ಧಿ ಅವನಿಗಿತ್ತು.

“ಇಷ್ಟಗಲ ಇತ್ತು,” ಅಕ್ಕೋರು ಕತ್ತಲೆಯಲ್ಲಿ ಹೇಳಿದರು. “ಎಷ್ಟು ಸಾವಿರ ವರ್ಷದ್ದೋ, ಆ ಶಿವಗೇ ಗೊತ್ತು. ಉಗುರಿನಷ್ಟು ಒಯ್ದಿದ್ರ ಸಾಕಿತ್ತು. ಮತ್ತ್ಯಾರರ ಬಂದು ಒಯ್ದುಬಿಟ್ರ ಅಂತ ಅನಸ್ತು. ಚಮಚ ತಗೊಂಡು ಎಲ್ಲಾ ಕೆರಕೊಂಡೆ. ಆರು ತಟ್ಟಿ ಆತು.”

“ಐದು ಹೋದ್ವು ಅಂದಿದ್ರಿ...”

“ನಾ ಉಣಿಸಿದೆ. ಒಂದೊಂದಕ್ಕ ಒಂದೊಂದು ಗಂಜಿ. ಲಗೂನ ಬೆಳೀಲಿ, ಎಲ್ಲಾರಿಗಿಂತ ಮೊದಲ ನಾ ಬರೀಬೇಕು ಅಂತ. ಐದೂ ಸತ್ವು. ಆರನೇದಕ್ಕ ಬರೇ ಗವಿ ನೀರು ಹಾಕಿ ಬಿಟ್ಟೆ.”

ಎಲ್ಲೋ ಒಂದು ಕಡೆ ನೀರು ತೊಟ್ಟಿಕ್ಕುತ್ತಿತ್ತು.

“ಇದನ್ನ ನನಗ ಹೇಳಬೇಕಿತ್ತ್ರಿ, ಅಕ್ಕೋರ.” ಫಕ್ಕೀರೇಶನಿಗೆ ಸಿಟ್ಟು ಬಂದಿತ್ತು. ಮೂರು ವರ್ಷದಲ್ಲಿ ಅವನು ಅವರಿಗೆ ಎದುರಾಡಿದ್ದು ಅದೊಂದೇ ಸಲ. “ಒಂದು ಮಾತು ಹೇಳಿದ್ರ ನಾ ಯಾಕ ಮುಟ್ತಿದ್ದೆ?”

“ಹೌದು.”

“ಹಸಿವು ಅವಕ್ಕ ಮನಿ ಅಂದ್ರಿ. ನನಗೇನು ತಿಳೀಬೇಕು?”

“ಹೌದು, ತಮ್ಮಾ. ಉಣಿಸಿದ್ರ ಸಾಯ್ತಾವ, ನಾ ಐದು ಕೊಂದೀನಿ ಅಂತ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಾಕ ನಾಚಿಕಿ ಬಂತು. ಅದಕ್ಕ ಒಗಟು ಮಾಡಿ ಹೇಳಿದೆ.”

ಇದನ್ನು ಕೇಳಿದಾಗ ನನಗೂ ಅಕ್ಕೋರ ಮೇಲೆ ಸಿಟ್ಟು ಬಂದದ್ದು ನಿಜ. ನನಗೂ ಅವರು ಅದೇ ಒಗಟು ಹೇಳಿದ್ದರು. ನಾನು ಅದನ್ನು ದೊಡ್ಡ ತತ್ತ್ವವೆಂದು ಹತ್ತು ಜನರಿಗೆ ಹೇಳಿಕೊಂಡು ತಿರುಗಿದ್ದೆ. 

ಹೊರಗೆ ಬಂದರು. ಬಿಸಿಲಿತ್ತು. ಇಬ್ಬರ ಮೈಗೂ ಮಣ್ಣು ಮೆತ್ತಿತ್ತು.

“ಯಂತ್ರದವರಿಗೆ ಏನಂತ ಬರದಿದ್ದಿ?” ಅಕ್ಕೋರು ಕೇಳಿದರು.

“ಮೂರು ದಿನದಾಗ ಬೆಳದ್ವು ಅಂತ.”

“ಅವರು?”

“ಯಂತ್ರ ಮೂರ ದಿನ ಕಾಯತೈತಿ ಅಂತ ನಿಕ್ಕಿ ಮಾಡ್ಯಾರ.”

ಅಕ್ಕೋರು ಕಟ್ಟೆಯ ಮೇಲೆ ಕುಳಿತರು. “ಪೆನ್ನು ತಾ.”

ಅವನು ತಂದ. ಬರೆಯಲು ಕೈ ಏಳಲಿಲ್ಲ. “ಇದನ್ನ ಬರದ್ರ ನನ್ನ ಓದು ಮುಗೀತ್ರಿ. ನನ್ನ ಹೆಸರು ಹೇಳಿದ್ರ ನಗ್ತಾರ. ನಿಮ್ಮ ಹನ್ನೊಂದು ವರ್ಷಾನೂ ಹೋಗ್ತಾವ.”

“ಆಗಲೇ ಹೋಗ್ಯಾವ. ಬರದ್ರ ಹೋಗೂದಲ್ಲ ಅವು.”

ಅವನು ಬರೆದ. ಬೆಳೆದದ್ದು ಗವಿಯ ಜೀವವಲ್ಲ, ನನ್ನ ಕೈಯದು. ಗವಿಯದು ನಾನು ಉಣಿಸಿದ್ದರಿಂದ ಸತ್ತಿತು. ಮೂರು ದಿನ ಸಾಕೆಂಬ ಮಾತು ತಪ್ಪು, ದಯವಿಟ್ಟು ಬದಲಿಸಿ. ಕೆಳಗೆ ಪೂರ್ತಿ ಹೆಸರು, ಊರು ಹಾಕಿದ.

ಅಕ್ಕೋರು ಕಾಗದ ಇಸಿದುಕೊಂಡರು. ಅವನ ಹೆಸರಿನ ಕೆಳಗೆ ತಮ್ಮದೂ ಬರೆದರು. ಚಮಚದ ವಿಷಯ, ಐದು ತಟ್ಟೆಯ ವಿಷಯ, ಬೀಳದ ಮಾಳಿಗೆಯ ವಿಷಯ. ಬರೆದದ್ದನ್ನು ಅವನ ಎದುರಿಗೇ ಗಟ್ಟಿಯಾಗಿ ಓದಿದರು.  ಒಂದು ಸಾಲೂ ಬಿಡಲಿಲ್ಲ.

ತಿಂಗಳ ಮೇಲೆ ಉತ್ತರ ಬಂತು. ನಾಲ್ಕು ಸಾಲು. ನಿಜ ತಿಳಿಸಿದ್ದಕ್ಕೆ ಧನ್ಯವಾದ. ಸಾಕ್ಷಿಯ ತಟ್ಟೆ ಈಗ ಇಲ್ಲದ ಕಾರಣ ಹರಳಿನ ಆಕಾರ ನೋಡುವ ಸಲಹೆಯನ್ನು ಒಪ್ಪಲಾಗದು. ಯಂತ್ರದ ಕೆಲಸ ಬಹಳ ಮುಂದೆ ಹೋಗಿದೆ, ಮೂರು ದಿನವೆಂಬ ನಿರ್ಧಾರದಲ್ಲಿ ಬದಲಾವಣೆ ಇಲ್ಲ. ಇನ್ನು ಮುಂದೆ ತಮ್ಮಿಂದ ಯಾವ ಮಾಹಿತಿಯೂ ಬೇಕಾಗಿಲ್ಲ.

ಆ ಸಂಜೆ ಇಬ್ಬರೂ ಹೊಳೆದಂಡೆಯಲ್ಲಿ ಕುಳಿತರು. ಮನೆಯಲ್ಲಿ ಮಾಡಲು ಕೆಲಸವಿರಲಿಲ್ಲ.

“ಅಕ್ಕೋರ, ಆ ಯಂತ್ರ ಹೋಗೂದಂತೂ ಹೋಗತೈತಿ.”

“ಹೂಂ.”

“ಅಲ್ಲೆ ಕಲ್ಲಿನ ಒಳಗ ಅಂಥವು ಇದ್ರ?”

“ಇರಬಹುದು.”

“ಮೂರು ದಿನದಾಗ ಅವು ಕೂದಲಷ್ಟೂ ಅಲುಗೂದಿಲ್ಲ. ಯಂತ್ರದ ಮೂಗಿನ ಮುಂದ ಇದ್ರೂ ಕಾಣೂದಿಲ್ಲ. ಇಲ್ಲೇನೂ ಇಲ್ಲ ಅಂತ ಬರಕೊಂಡು ಹೊಳ್ಳಿ ಯಾರೂ ಆ ಕಡೆ ಹಾಯೂದಿಲ್ಲ. ನಾ ಮಾಡಿದ್ದರಿಂದ.” ಅವನಿಗೆ ಅಳು ತಡೆಯಲಿಲ್ಲ. ಇಪ್ಪತ್ತೇಳು ವರ್ಷದ ಗಂಡಸು, ಮಗುವಿನ ಹಾಗೆ ಅತ್ತೆ ಎಂದು ಅವನೇ ಹೇಳಿದ.

ಅಕ್ಕೋರು ಅವನ ಬೆನ್ನ ಮೇಲೆ ಕೈಯಿಟ್ಟರು. ಅವರೂ ಅಳುತ್ತಿದ್ದರು.

“ಇಲ್ಲ ಅಂತನ ಬರಕೊಳ್ಳಲಿ ಬಿಡು, ತಮ್ಮಾ,” ಎಂದರು. “ಅವಾದ್ರೂ ಬದಕ್ಯಾವು.”